ಶಿಯೋಮಿ ಗುಡಿಯ ಬಾಗಿಲು

ಅಕ್ಟೋಬರ್ ೨೯

ಮೀನುಗಾರರ ಸಂಘದವರು ಇವತ್ತು ಹುಡುಕುವುದನ್ನು ನಿಲ್ಲಿಸಿದರು. ಇಷ್ಟು ದಿನ ಹುಡುಕಿ ಸಿಕ್ಕಿದ್ದು ಕಾಯೊ-ಮಾರು ದೋಣಿಯ ಒಂದು ಹಲಗೆ, ಕೆಲವು ಒಡೆದ ದೀಪ. ಮನುಷ್ಯರು ಯಾರೂ ಸಿಕ್ಕಲಿಲ್ಲ. ಆ ದೋಣಿಯಲ್ಲಿ ಹೋದ ಬೇರೆಯವರ ಮನೆಗಳಲ್ಲಿ ಸಾವನ್ನು ಒಪ್ಪಿಕೊಂಡುಬಿಟ್ಟಿದ್ದಾರೆ. ಭಾನುವಾರ ಬೌದ್ಧ ಮಠದಲ್ಲಿ ಖಾಲಿ ಪೆಟ್ಟಿಗೆಗಳನ್ನಿಟ್ಟು ಎಲ್ಲರ ಕರ್ಮವನ್ನೂ ಒಟ್ಟಿಗೆ ಮುಗಿಸುತ್ತಾರಂತೆ, ನಮ್ಮ ಮನೆಯದೊಂದು ಬಿಟ್ಟು.

ಸಂಘದವರು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಾಗ ಅತ್ತೆ ಒಳಗಿನಿಂದಲೇ ಕೂಗಿದರು. "ನನ್ನ ಮಗ ತಡ ಮಾಡಿದಾನೆ, ಅಷ್ಟೆ. ಹುಟ್ಟುವಾಗಲೂ ತಡ ಮಾಡಿ ಸೂಲಗಿತ್ತಿ ಹತ್ರ ಬೈಸಿಕೊಂಡಿದ್ದ. ಅದಕ್ಕೆಲ್ಲ ಯಾರಾದ್ರೂ ಊದುಬತ್ತಿ ಹಚ್ತಾರಾ?"

ಅವರು ಬಂದ ದಾರಿಯಲ್ಲೇ ಹೋದರು. ಇನ್ನು ಈ ಮನೆಯಲ್ಲಿ ಆ ಮಾತು ಎತ್ತುವ ಹಾಗಿಲ್ಲ. ಎಲ್ಲಾದರೂ ಎತ್ತಬೇಕಲ್ಲ, ಇಲ್ಲದಿದ್ದರೆ ನನ್ನ ಹೊಟ್ಟೆ ಒಡೆದು ಹೋಗುತ್ತದೆ. ಅದಕ್ಕೇ ಈ ಪುಸ್ತಕ. ಬರೆದುಬಿಡುತ್ತೇನೆ: ನನ್ನ ಗಂಡ ಶೋಕಿಚಿ ಸತ್ತಿದ್ದಾರೆ. ಆ ಹಲಗೆಯನ್ನು ನೋಡಿದಾಗಲೇ ನನಗೆ ಗೊತ್ತಾಯಿತು. ನನಗೆ ಯಾವ ಆಸೆಯೂ ಇಲ್ಲ.

ನಾಳೆಯಿಂದ ದಿನಾ ಬೆಳಿಗ್ಗೆ ಅತ್ತೆಯ ಜೊತೆ ಶಿಯೋಮಿ ಗುಡಿಗೆ ಹೋಗಬೇಕಂತೆ. ಯಾಕೆ ಅಂತ ಕೇಳುವ ಶಕ್ತಿ ಇರಲಿಲ್ಲ, ಹೂಂ ಅಂದೆ.

ಅಕ್ಟೋಬರ್ ೩೦

ಗುಡಿಯ ಕಲ್ಲುಕಂಬದ ಬಾಗಿಲ ಮುಂದೆ ಅತ್ತೆ ಒಂದು ಗಳಿಗೆ ನಿಂತರು. ಸಾವಾದ ಮನೆಯವರು ಸೂತಕ ಕಳೆಯುವ ತನಕ ಆ ಬಾಗಿಲು ದಾಟುವಂತಿಲ್ಲ. ದಾರಿಯಲ್ಲೇ ನಿಂತು ಕೈಮುಗಿದು ಹಿಂದಿರುಗಬೇಕು. ಎದುರಿನ ಚಪ್ಪರದಲ್ಲಿ ಸ್ಕ್ವಿಡ್ ಸೀಳಿ ಒಣಹಾಕುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಅತ್ತೆ ಬಗ್ಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿಕೊಂಡು, ದೇವರು ಓಡಾಡುವ ನಡುಜಾಗ ಬಿಟ್ಟು, ಒಂದು ಪಕ್ಕದಿಂದ ಒಳಗೆ ನಡೆದರು. ಅವರು ಊರಿಗೆ ಹೇಳಬೇಕಾದದ್ದೆಲ್ಲ ಅಲ್ಲಿಗೆ ಹೇಳಿ ಮುಗಿಯಿತು. ನಾನು ಹಿಂದೆ ಹೋದೆ, ಕಳ್ಳಿಯ ಹಾಗೆ.

ದೇವರ ಮುಂದೆ ಚಪ್ಪಾಳೆ ತಟ್ಟಿದೆ. ಅತ್ತೆ ಮೊಣಕೈಯಿಂದ ತಿವಿದರು. "ಅದೇನು, ಸೊಳ್ಳೆ ಹೊಡೀತಿದೀಯಾ? ಒಳಗಿರೋರಿಗೆ ಕೇಳಬೇಕು, ಗಟ್ಟಿಯಾಗಿ ತಟ್ಟು."

ಆಮೇಲೆ ಪಕ್ಕದ ಹಳೇ ಚಾವಡಿಗೆ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಬರುವ ಪ್ರವಾಸಿಗರು ನೋಡಲು ಮುಗಿಬೀಳುವುದು ಅದನ್ನೇ. ಹಾಯಿಹಡಗಿನ ಕಾಲದಲ್ಲಿ ಬಿರುಗಾಳಿಗೆ ಸಿಕ್ಕ ನಾವಿಕರು ಜುಟ್ಟು ಕತ್ತರಿಸಿ ಕಡಲ ದೇವರಿಗೆ ಹರಕೆ ಹೊರುತ್ತಿದ್ದರು. ದಡ ಸೇರಿದವರು ಆ ಜುಟ್ಟನ್ನು ತಂದು ಹಲಗೆಗೆ ಮೊಳೆ ಹೊಡೆದು ಇಲ್ಲಿ ನೇತುಹಾಕುತ್ತಿದ್ದರು. ನೂರಾರು ವರ್ಷದ ಕೂದಲು ಹುಲ್ಲಿನ ಬಣ್ಣಕ್ಕೆ ತಿರುಗಿದೆ.

"ನೋಡಿಕೋ," ಅಂದರು ಅತ್ತೆ. "ಇವರೆಲ್ಲ ಬಂದೋರು. ಇವರ ಮನೇಲೂ ಅಳ್ತಾ ಕೂತಿದ್ರು."

ಬಾರದವರು ಜುಟ್ಟು ತಂದು ಕೊಡುವುದಾದರೂ ಹೇಗೆ? ಅವರ ಕೂದಲನ್ನೂ ನೇತುಹಾಕುವಂತಿದ್ದರೆ ಈ ಚಾವಡಿಯಲ್ಲಿ ಜಾಗ ಸಾಲುತ್ತಿರಲಿಲ್ಲ.

ನವೆಂಬರ್ ೩

ಅತ್ತೆ ದಿನಾ ಎರಡು ಹೊತ್ತೂ ನಮ್ಮವರಿಗೆ ಊಟ ಬಡಿಸಿಡುತ್ತಾರೆ. ದೂರ ಹೋದವರ ಪಾಲಿನ ಊಟ. ಸಣ್ಣ ಮಣೆಯ ಮೇಲೆ ಅನ್ನ, ಉಪ್ಪಿನಕಾಯಿ, ಮುಚ್ಚಳದ ಬಟ್ಟಲಲ್ಲಿ ಮಿಸೊ ಸಾರು. ನಾವು ಉಂಡಾದ ಮೇಲೆ ಮುಚ್ಚಳ ತೆಗೆದು ತಿರುಗಿಸಿ ನೋಡುತ್ತಾರೆ. ಒಳಗೆ ನೀರ ಹನಿ ಕೂತಿದ್ದರೆ ಹೋದವರು ಕ್ಷೇಮ ಅಂತ ಹಿಂದಿನವರ ನಂಬಿಕೆ. ಬಿಸಿ ಸಾರಿನ ಹಬೆಗೆ ಯಾವ ಮುಚ್ಚಳವಾದರೂ ಬೆವರುತ್ತದೆ ಅನ್ನುವುದು ಮಗುವಿಗೂ ಗೊತ್ತು. ಅತ್ತೆಗೆ ಮಾತ್ರ ಗೊತ್ತಿಲ್ಲವೋ ಅಥವಾ ಬೇಡವೋ.

ಊಟ ಆದ ಮೇಲೆ ಹೆಣೆಯಲು ಕೂರುತ್ತಾರೆ. ನಮ್ಮವರಿಗೆ ಇನ್ನೊಂದು ಉಣ್ಣೆಯ ಹೊಟ್ಟೆಪಟ್ಟಿಯಂತೆ, ಕಡಲ ಚಳಿಗೆ ಅಂಗಿಯೊಳಗೆ ತೊಡುವಂಥದ್ದು. ಹೋದ ಸಲದ್ದಕ್ಕೆ ನೀಲಿ ನೂಲು ಸಾಲದೆ ಅಂಚಿಗೆ ಬೂದು ಬಣ್ಣ ಸೇರಿಸಿದ್ದರು, ಕಣ್ಣು ಕಾಣದೆ ಒಂದು ಕಡೆ ಹೆಣಿಗೆಯೂ ತಪ್ಪಿತ್ತು. "ಇದೇನಮ್ಮ, ಬೆಕ್ಕಿನ ಬಾಲದ ಹಾಗಿದೆ!" ಅಂತ ನಕ್ಕು, ಅದನ್ನೇ ಹಾಕಿಕೊಂಡು ಹೋಗಿದ್ದರು ನಮ್ಮವರು. ಹಾಗೆ ನಗುತ್ತಿದ್ದರು ಅವರು. ಹಲ್ಲೆಲ್ಲ ಕಾಣುತ್ತಿತ್ತು.

ನವೆಂಬರ್ ೭

ಗುಡಿಯ ಬಾಗಿಲ ಹೊರಗೆ ತೋಯೊ ಸಿಕ್ಕಿದಳು. ಅವಳ ಗಂಡನೂ ಕಾಯೊ-ಮಾರುವಿನಲ್ಲೇ ಹೋದವನು. ಪೆಟ್ಟಿಗೆಯಲ್ಲಿ ಅವನ ಟೋಪಿ, ಸಿಗರೇಟು ಇಟ್ಟು ಸುಟ್ಟರಂತೆ. ಈಗ ಅವಳಿಗೆ ಸೂತಕ. ರಸ್ತೆಯ ಅಂಚಿನಲ್ಲಿ, ಚರಂಡಿಯ ಪಕ್ಕ ನಿಂತು ಕೈಮುಗಿಯುತ್ತಿದ್ದಳು.

"ನೀನು ಪುಣ್ಯವಂತೆ ಕಣೆ ಸುಗಿಯೆ, ಒಳಗೆ ಹೋಗ್ತೀಯ," ಅಂದಳು. "ನೋಡಿದ್ರೆ ಹೊಟ್ಟೆ ಉರಿಯತ್ತೆ."

ನನಗೆ ನಗು ಬಂತು. ಹೊಟ್ಟೆ ಉರಿಯುತ್ತಿದ್ದದ್ದು ನನಗೆ. ಅವಳು ಕಪ್ಪು ಉಟ್ಟಿದ್ದಾಳೆ. ಅವಳ ಮನೆಗೆ ಜನ ಬರುತ್ತಾರೆ, ಅನ್ನ ತರುತ್ತಾರೆ, ಅವಳು ಅತ್ತರೆ ಬೆನ್ನು ಸವರುತ್ತಾರೆ. ನಾನು ಹೂವಿನ ಚಿತ್ರದ ಏಪ್ರನ್ ಕಟ್ಟಿಕೊಂಡು, ಗಂಡ ಊರಿಗೆ ಹೋದವಳ ಹಾಗೆ ಅಂಗಡಿಗೆ ಹೋಗಬೇಕು. ಅಂಗಡಿಯವನು ಚಿಲ್ಲರೆ ಕೊಡುವಾಗ ನನ್ನ ಮುಖ ನೋಡುವುದಿಲ್ಲ. ನಾನು ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ.

ಅತ್ತೆ ಒಳಗಿನಿಂದ ಕೂಗಿದರು, "ದೇವರನ್ನ ಕಾಯಿಸ್ತೀಯೇನೇ?"

ನವೆಂಬರ್ ೧೨

ಕುರಾತಾ ಬಂದಿದ್ದರು. ನಮ್ಮ ಕೇರಿಯ ಮುಖ್ಯಸ್ಥರು, ಸಂಘದಲ್ಲೂ ಅವರದೇ ಓಡಾಟ. ಬಂದವರು ಚಹಾ ಕುಡಿದರು, ಗಾಳಿಯ ವಿಷಯ ಮಾತಾಡಿದರು, ಉಪ್ಪಿನಕಾಯಿಗೆಂದು ಸೂರಿಗೆ ಕಟ್ಟಿದ್ದ ಮೂಲಂಗಿ ಹೊಗಳಿದರು.

"ಮೂಲಂಗಿ ಚೆನ್ನಾಗಿ ಬಾಡಿದೆ ಅಜ್ಜಿ."

"ಮೂಲಂಗಿ ನೋಡೋಕೆ ಬಂದ್ಯಾ? ನೀನು ಚಡ್ಡಿ ಒದ್ದೆ ಮಾಡ್ಕೊಳ್ತಿದ್ದಾಗಿಂದ ನೋಡಿದೀನಿ. ಬಾಯ್ಬಿಟ್ಟು ಹೇಳು."

ಕುರಾತಾ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ವಿಷಯ ಇದು. ಶಿಯೋಮಿ ಗುಡಿಯ ಬಾಗಿಲಿಗೆ ಪ್ರತಿ ಹೊಸ ವರ್ಷಕ್ಕೂ ಹೊಸ ಹುಲ್ಲುಹಗ್ಗ ಕಟ್ಟಬೇಕು. ಅದನ್ನು ಹೊಸೆಯುವ ಸರದಿ ಮನೆಯಿಂದ ಮನೆಗೆ ಬರುತ್ತದೆ, ಈ ಸಲ ನಮ್ಮದು. ಕೇರಿಯವರೆಲ್ಲ ಬಂದು ಕೂತು ಹೊಸೆಯುತ್ತಾರೆ. ಆದರೆ ಸೂತಕದ ಮನೆಯಲ್ಲಿ ಆ ಹಗ್ಗ ಹೊಸೆಯುವಂತಿಲ್ಲ.

"ಅಲ್ಲಾ, ಈ ಸಲ ಬೇಕಾದ್ರೆ ನಮ್ಮನೇಲಿ... ನಿಮಗೂ ತೊಂದರೆ..."

"ಯಾಕಪ್ಪಾ? ನಮ್ಮನೇಲೇನು ಸಾವಾಗಿದೆಯಾ?"

ಕುರಾತಾ ಖಾಲಿ ಲೋಟದಿಂದ ಇನ್ನೊಂದು ಗುಟುಕು ಚಹಾ ಕುಡಿದರು.

"ಹುಲ್ಲು ತಂದು ಹಾಕು," ಅಂದರು ಅತ್ತೆ. "ಗಟ್ಟಿ ಹುಲ್ಲು ತಾ. ಹೋದ ವರ್ಷದ್ದು ಹೆಂಡ ಕುಡಿದೋನ ಮೀಸೆ ಹಾಗೆ ಜೋತು ಬಿದ್ದಿತ್ತು."

ಬೀದಿಯವರೆಗೆ ಕಳಿಸಲು ಹೋದಾಗ ಕುರಾತಾ ದನಿ ತಗ್ಗಿಸಿದರು. "ನೋಡಮ್ಮ, ಜನ ಹೆದರ್ತಾರೆ. ಆ ಹಗ್ಗದ ಕೆಳಗೆ ಕೈಮುಗಿದು ದೋಣಿ ಹತ್ತಬೇಕು ಅವರು. ಹುಲ್ಲು ಬರೋದರೊಳಗೆ ನೀನಾದ್ರೂ ಅಜ್ಜಿಗೆ ಹೇಳು. ಶೋಕಿಚಿ ನನ್ನ ಗೆಳೆಯ, ನನಗೇನು ಸಂತೋಷವಾ?"

ಹೇಳುತ್ತೇನೆ ಅಂದೆ. ಅವರ ಕಡೆಯೇ ನ್ಯಾಯ ಇದೆ.

ನವೆಂಬರ್ ೧೩

ಹೇಳಬೇಕು ಅಂತಲೇ ಊಟಕ್ಕೆ ಕೂತೆ. ನನ್ನ ಮನಸ್ಸು ಎಲ್ಲೋ ಇದ್ದು ಸಾರು ಆರಿಹೋಗಿತ್ತು, ಹಾಗೇ ಬಡಿಸಿಬಿಟ್ಟಿದ್ದೆ. ಅತ್ತೆ ನಮ್ಮವರ ಬಟ್ಟಲಿನ ಮುಚ್ಚಳ ತೆಗೆದು ತಿರುಗಿಸಿದರು. ಒಣ. ಬೆರಳಿಂದ ಮುಟ್ಟಿ ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದರು. ಬಟ್ಟಲ ಮೇಲೆ ಇಟ್ಟು ಮತ್ತೆ ಎತ್ತಿ ನೋಡಿದರು.

"ಮುಚ್ಚಳ ಸರಿಯಾಗಿ ಕೂತಿಲ್ಲ," ಅಂದರು.

ನಾನು ಹೇಳಲಿಲ್ಲ. ಸಂಜೆಯ ಸಾರನ್ನು ಕೊತಕೊತ ಕುದಿಸಿ, ಒಲೆಯಿಂದ ಇಳಿಸಿದ ಕ್ಷಣಕ್ಕೇ ಸುರಿದು ಮುಚ್ಚಿದೆ. ಮುದುಕಿ ಒಂದು ಹೊತ್ತು ನೆಮ್ಮದಿಯಾಗಿ ಉಂಡರೆ ನನ್ನ ಗಂಟೇನು ಹೋಗುತ್ತದೆ?

ನವೆಂಬರ್ ೧೯

ಗಾಳಿ. ಹೋದೆವು, ಬಂದೆವು. ಮುಚ್ಚಳ ಚೆನ್ನಾಗಿತ್ತು.

ನವೆಂಬರ್ ೨೪

ಒಂದು ಬಸ್ಸು ತುಂಬ ಪ್ರವಾಸಿಗರು. ಜುಟ್ಟಿನ ಹಲಗೆಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಒಬ್ಬಳು ಮೂಗು ಮುಚ್ಚಿಕೊಂಡಳು, ಅಲ್ಲಿ ಯಾವ ವಾಸನೆಯೂ ಇಲ್ಲ. ಇನ್ನೊಬ್ಬ ಹೆಂಗಸು ಒಳ್ಳೆಯವಳು, ಅತ್ತೆಯ ಪಕ್ಕ ಬಂದು ಮಾತಾಡಿಸಿದಳು.

"ದಿನಾ ಬರ್ತೀರಾ ಅಜ್ಜಿ? ಏನು ಬೇಡ್ಕೊಳ್ತೀರಿ?"

ಅತ್ತೆಗೆ ಏದುಸಿರು ಬಂದಿತ್ತು. ನಾನೇ ಉತ್ತರ ಕೊಟ್ಟೆ. "ನಮ್ಮೆಜಮಾನರು ಸ್ಕ್ವಿಡ್ ಹಿಡಿಯೋಕೆ ಹೋಗಿದಾರೆ. ಬರೋ ಹೊತ್ತಾಯ್ತು."

ಪರಊರಿನವಳ ಹತ್ತಿರ ಬೇರೇನು ಹೇಳುವುದು? ಅವಳ ಪ್ರವಾಸ ಯಾಕೆ ಕೆಡಿಸಬೇಕು? ಅತ್ತೆ ಮಾತ್ರ ನನ್ನನ್ನು ಒಂಥರಾ ನೋಡಿದರು.

ಗುಡಿಯಿಂದ ಇಳಿದು ಬರುವಾಗ ಮೀನಿನ ಅಂಗಡಿಯಲ್ಲಿ ಬಂಗುಡೆ ಚೆನ್ನಾಗಿತ್ತು. ನಮ್ಮವರಿಗೆ ಇಷ್ಟ ಅಂತ ಕೊಂಡು ತಂದೆ.

ನವೆಂಬರ್ ೩೦

ಹುಲ್ಲು ಬಂತು. ಕುರಾತಾ ಮತ್ತು ಇಬ್ಬರು ಹೊತ್ತು ತಂದು ಹಜಾರದಲ್ಲಿ ಪೇರಿಸಿದರು. ಕುರಾತಾ ನನ್ನ ಮುಖ ನೋಡಿದರು. ನಾನು ಹುಲ್ಲು ನೋಡಿದೆ. ಅದು ಹಸಿರಿರುವಾಗಲೇ ಕೊಯ್ದು ಒಣಗಿಸಿದ್ದು, ಮನೆಯೆಲ್ಲ ಗದ್ದೆಯ ವಾಸನೆ.

ಅತ್ತೆಗೆ ಜ್ವರ. ಹಾಗಾಗಿ ಗುಡಿಗೆ ಒಬ್ಬಳೇ ಹೋದೆ. ಹೋಗದಿದ್ದರೂ ಆಗುತ್ತಿತ್ತು, ಅತ್ತೆ ಮಲಗಿದ್ದರು, ಕೇಳುವವರಿಲ್ಲ. ಕಾಲಿಗೆ ಅಭ್ಯಾಸವಾಗಿದೆ. ಬಾಗಿಲಲ್ಲಿ ಆ ಹೆಂಗಸರು ನೋಡಿದರು. ನೋಡಲಿ.

ಚಾವಡಿಯಲ್ಲಿ ತುಂಬ ಹೊತ್ತು ನಿಂತಿದ್ದೆ. ನಮ್ಮವರು ಬಂದರೆ ಏನು ಕೊಡುತ್ತಾರೆ ಅಂತ ಯೋಚನೆ ಬಂತು. ತಲೆಯ ಮೇಲೆ ಇರುವುದು ಕಿವಿಯ ಪಕ್ಕದ ನಾಲ್ಕು ಎಳೆ! ಜೋರಾಗಿ ನಕ್ಕುಬಿಟ್ಟೆ. ಅರ್ಚಕರು ಗುಡಿಸುತ್ತಿದ್ದವರು ತಲೆ ಎತ್ತಿದರು, ಏನೂ ಕೇಳಲಿಲ್ಲ. ಅವರು ಯಾವತ್ತೂ ನಮ್ಮನ್ನು ಏನೂ ಕೇಳಿಲ್ಲ. ಹಾಗೇ ಕಂಬಕ್ಕೆ ಒರಗಿ ಅಳುತ್ತಾ ನಿಂತೆ. ಎಷ್ಟು ಹೊತ್ತೋ.

ಡಿಸೆಂಬರ್ ೬

ಸಂಘದಿಂದ ಕರೆ ಬಂತು, ನಾನೊಬ್ಬಳೇ ಬರಬೇಕು ಅಂತ. ಕುರಾತಾ ಮತ್ತು ಒಬ್ಬ ಪೊಲೀಸಿನವರು ಕೂತಿದ್ದರು. ಮೇಜಿನ ಮೇಲೆ ಪತ್ರಿಕೆ ಹಾಸಿ ಒಂದು ಒದ್ದೆ ಬಟ್ಟೆ ಇಟ್ಟಿದ್ದರು. ಪಕ್ಕದ ಬಂದರಿನವರ ಬಲೆಗೆ ಸಿಕ್ಕಿದ್ದಂತೆ. ಬರೀ ಅದು, ಬೇರೇನೂ ಇರಲಿಲ್ಲವಂತೆ.

ಉಣ್ಣೆಯ ಹೊಟ್ಟೆಪಟ್ಟಿ. ನೀಲಿ. ಅಂಚು ಬೂದು.

"ಇದು ನಮ್ಮವರದಲ್ಲ," ಅಂದೆ.

"ಮುಟ್ಟಿ ನೋಡಮ್ಮ," ಅಂದರು ಕುರಾತಾ.

"ನೋಡಿದೆ. ನಮ್ಮವರದು ಕಂದು."

ಪೊಲೀಸಿನವರು ಬರೆದುಕೊಂಡರು. ಕುರಾತಾ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ಬೇಸಿಗೆಯಲ್ಲಿ ನಮ್ಮ ಜಗಲಿಯ ಮೇಲೆ ಕೂತು ಬೆಕ್ಕಿನ ಬಾಲದ ಮಾತಿಗೆ ಅವರೂ ನಕ್ಕಿದ್ದರು.

ಅತ್ತೆಗಾಗಿ ಹಾಗೆ ಹೇಳಿದೆ. ಈಗಷ್ಟೇ ಜ್ವರ ಬಿಟ್ಟಿದೆ, ಈ ವಯಸ್ಸಿನಲ್ಲಿ ಅದನ್ನು ಅವರ ಕೈಗೆ ಕೊಡುವುದು ಹೇಗೆ? ಆಮೇಲೆ ದಾರಿಯಲ್ಲಿ ಬರುತ್ತಾ ಯೋಚಿಸಿದೆ. ನೀಲಿ ನೂಲು, ಬೂದು ನೂಲು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಈ ಕರಾವಳಿಯಲ್ಲಿ ಎಷ್ಟು ತಾಯಂದಿರು ಹೆಣೆಯುವುದಿಲ್ಲ? ನೂಲು ಸಾಲದೆ ಹೋಗುವುದು ಎಲ್ಲರಿಗೂ ಆಗುವಂಥದ್ದೇ.

ಡಿಸೆಂಬರ್ ೭

ಅತ್ತೆಗೆ ಯಾರು ಹೇಳಿದರೋ.

"ಸಂಘದಲ್ಲಿ ಏನು ತೋರಿಸಿದ್ರು?"

"ಯಾರದ್ದೋ ಹೊಟ್ಟೆಪಟ್ಟಿ ಅತ್ತೆ. ನಮ್ಮದಲ್ಲ."

"ಯಾವ ಬಣ್ಣ?"

"ಕಂದು."

ಕುರಾತಾರಿಗೆ ನಾನು ಹೇಳಿದ್ದು ಕಂದು ನಮ್ಮವರದು ಅಂತ. ಅದು ಬಾಯಿಂದ ಹೊರಬಿದ್ದ ಮೇಲೆ ನೆನಪಾಯಿತು. ಅತ್ತೆ ಹೂಂ ಅಂದು ಉಪ್ಪಿನಕಾಯಿ ಕಡಿದರು. ಊಟ ಆದ ಮೇಲೆ ಮುಚ್ಚಳ ತಿರುಗಿಸಿ ನೋಡಲು ಮರೆತರು. ನಾನು ನೋಡಿದೆ. ಚೆನ್ನಾಗಿತ್ತು.

ಡಿಸೆಂಬರ್ ೯

ಅತ್ತೆಗೆ ವಯಸ್ಸಾಗುತ್ತಿದೆ. ಮಧ್ಯಾಹ್ನ ತೋಫು ತರುತ್ತೇನೆ ಅಂತ ಕೋಲು ಹಿಡಿದು ಹೋದವರು ಕತ್ತಲಾಗುವಾಗ ಬಂದರು, ತೋಫು ಇಲ್ಲದೆ. ಕೇಳಿದರೆ ಮರೆತೆ ಅಂದರು. ಹಾಗೇ ಹೋಗಿ ಕೋಣೆಯ ಬಾಗಿಲು ಎಳೆದುಕೊಂಡರು. ಹೆಣಿಗೆಗೂ ಕೂರಲಿಲ್ಲ.

ನಾನು ಹುಲ್ಲು ಬಡಿದು ಮೆದು ಮಾಡಿದೆ. ಭಾನುವಾರ ಕೇರಿಯವರು ಬರುತ್ತಾರೆ. ಬಂದವರಿಗೆ ಕುಡಿಯಲು ಸಾಕೆ ಹೆಂಡ ಬೇಕು, ಮೂಲಂಗಿ ಬೇಯಿಸಬೇಕು.

ಡಿಸೆಂಬರ್ ೧೦

ಬೆಳಿಗ್ಗೆ ಎಂದಿನಂತೆ ಹೊರಟೆವು. ಬಾಗಿಲ ಮುಂದೆ ಅತ್ತೆ ನಿಂತರು. ನಾನು ಒಳಗೆ ಕಾಲಿಟ್ಟು ನಡೆದೆ. ಹಿಂದೆ ಕೋಲಿನ ಸದ್ದು ಬರಲಿಲ್ಲ. ತಿರುಗಿ ನೋಡಿದರೆ ಅವರು ಹಿಂದೆ ಸರಿದು ರಸ್ತೆಯ ಅಂಚಿಗೆ, ಚರಂಡಿಯ ಪಕ್ಕ, ತೋಯೊ ನಿಲ್ಲುವ ಜಾಗಕ್ಕೆ ಹೋಗಿದ್ದರು. ತೋಯೊ ಅವರ ತೋಳು ಹಿಡಿದುಕೊಂಡಿದ್ದಳು.

"ಏನಾಯ್ತು ಅತ್ತೆ? ಬನ್ನಿ."

"ನನಗೆ ಸೂತಕ ಕಣೆ."

ಸ್ಕ್ವಿಡ್ ಒಣಹಾಕುತ್ತಿದ್ದ ಹೆಂಗಸರು ಎಲ್ಲರೂ ಕೈ ನಿಲ್ಲಿಸಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ದಿನ ನನ್ನನ್ನು ಎಳೆದುಕೊಂಡು ಬಂದವರು ಯಾರು? "ಹಾಗೆಲ್ಲ ಅನ್ನಬೇಡಿ. ಒಳಗೆ ಬನ್ನಿ!" ಅಂತ ಕಿರುಚಿದೆ.

ಅತ್ತೆ ಎದೆಯ ಬಟ್ಟೆಯೊಳಗಿಂದ ಆ ಹೊಟ್ಟೆಪಟ್ಟಿಯನ್ನು ತೆಗೆದರು. ನಿನ್ನೆ ತೋಫುವಿಗೆ ಅಂತ ಹೋದದ್ದು ಸಂಘಕ್ಕೆ. ಒಣಗಿ ಬಿರುಸಾಗಿತ್ತು, ಉಪ್ಪು ಹಿಡಿದಿತ್ತು.

"ಅತ್ತೆ, ಆ ನೂಲು ಎಲ್ಲಾ ಕಡೆ ಸಿಗತ್ತೆ."

"ನೂಲು ಸಿಗತ್ತೆ," ಅಂದರು. "ಈ ತಪ್ಪು ಸಿಗಲ್ಲ. ಇಲ್ಲಿ ನೋಡು, ಹೆಣಿಗೇಲಿ ಈ ಕಣ್ಣು ಬಿಟ್ಟುಹೋಗಿದೆಯಲ್ಲ, ಇದು ನನ್ನ ಕೈಯದೇ. ಬಾ ಸುಗಿಯೆ. ಈಚೆ ಬಾ. ಮನೆಗೆ ಹೋಗೋಣ."

ನಾನು ಹೋಗಲಿಲ್ಲ. ಒಳಗೆ ನಡೆದೆ. ಕೈ ತೊಳೆದೆ, ತಲೆಬಾಗಿದೆ, ಚಪ್ಪಾಳೆ ತಟ್ಟಿದೆ. ಸುತ್ತಲಿನ ಮರಗಳಿಂದ ಹಕ್ಕಿಗಳು ಹಾರುವಷ್ಟು ಜೋರಾಗಿ ತಟ್ಟಿದೆ. ಇಬ್ಬರ ಪಾಲಿನದ್ದನ್ನೂ ನಾನೇ ತಟ್ಟಬೇಕಿತ್ತಲ್ಲ. ಹೊರಗೆ ಬಂದಾಗ ಇಬ್ಬರೂ ಅಲ್ಲೇ ನಿಂತಿದ್ದರು, ತೋಯೊ ಅಳುತ್ತಿದ್ದಳು. ಅತ್ತೆ ಅಳುತ್ತಿರಲಿಲ್ಲ. ದಾರಿಯುದ್ದಕ್ಕೂ ನನ್ನ ತೋಳು ಹಿಡಿದುಕೊಂಡೇ ನಡೆದರು. ಅವರಿಗೆ ಆಸರೆ ಬೇಕಿತ್ತು ಅಂತ ಕಾಣುತ್ತದೆ.

ಮನೆಗೆ ಬಂದು ಸ್ಟೂಲು ಹತ್ತಿ, ಗೋಡೆಯ ಮೇಲಿನ ದೇವರ ಗೂಡಿಗೆ ಬಿಳಿ ಕಾಗದ ಅಂಟಿಸಿದರು. ಸಾವಾದ ಮನೆಯಲ್ಲಿ ಮಾಡುವ ಹಾಗೆ. ಬೀಳುತ್ತಾರೆ ಅಂತ ಸ್ಟೂಲು ನಾನೇ ಹಿಡಿದುಕೊಂಡಿದ್ದೆ.

ಡಿಸೆಂಬರ್ ೧೧

ಕುರಾತಾ ಬಂದು ಹುಲ್ಲು ಹೊತ್ತುಕೊಂಡು ಹೋದರು. ಬಾಗಿಲಲ್ಲಿ ಆಳವಾಗಿ ತಲೆಬಾಗಿದರು. ಹಜಾರ ದೊಡ್ಡದಾಗಿ ಕಾಣುತ್ತದೆ, ಗುಡಿಸಿದರೂ ಹುಲ್ಲಿನ ಪುಡಿ ಹೋಗುತ್ತಿಲ್ಲ. ಭಾನುವಾರ ಕರ್ಮವಂತೆ. ಪೆಟ್ಟಿಗೆಯಲ್ಲಿ ಹೊಟ್ಟೆಪಟ್ಟಿ ಇಡುತ್ತಾರಂತೆ. ನನ್ನ ಕಪ್ಪು ಬಟ್ಟೆ ತೋಯೊ ಹೊಲಿದು ಕೊಡುತ್ತಾಳಂತೆ. ಎಲ್ಲರೂ ಬಂದು ಬೆನ್ನು ಸವರುತ್ತಿದ್ದಾರೆ. ಯಾಕೆ ಸವರುತ್ತಾರೋ.

ಬೆಳಿಗ್ಗೆ ಒಬ್ಬಳೇ ಗುಡಿಗೆ ಹೋಗಿ ಬಂದೆ. ಬಾಗಿಲು ದಾಟಿದೆ. ಅರ್ಚಕರು ನನ್ನನ್ನು ನೋಡಿ, ಕಾಣದವರ ಹಾಗೆ ಬೆನ್ನು ತಿರುಗಿಸಿ ಗುಡಿಸತೊಡಗಿದರು.

ಮಧ್ಯಾಹ್ನದ ಊಟಕ್ಕೆ ಅತ್ತೆ ನಮ್ಮವರ ಮಣೆ ಹಾಕಲಿಲ್ಲ. ಬಟ್ಟಲನ್ನು ತೊಳೆದು, ಒರೆಸಿ, ಬೀರುವಿನಲ್ಲಿ ಕವುಚಿಟ್ಟಿದ್ದರು. ನಾನು ತೆಗೆದು ತಂದೆ. ಅನ್ನ ಹಾಕಿದೆ, ಮೂಲಂಗಿ ಹಾಕಿದೆ, ಸಾರು ಬಡಿಸಿ ಮುಚ್ಚಿದೆ. ಅತ್ತೆ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಊಟ ಆದ ಮೇಲೆ ಮುಚ್ಚಳ ತೆಗೆದು ತಿರುಗಿಸಿದೆ. ಹನಿ, ಮುಚ್ಚಳದ ತುಂಬ ಹನಿ, ಒಂದು ಉರುಳಿ ನನ್ನ ಮಣಿಕಟ್ಟಿಗೆ ಬಿತ್ತು.

"ನೋಡಿ ಅತ್ತೆ! ನೋಡಿ!"

ಅವರು ನೋಡಲಿಲ್ಲ. ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡು, ಏಪ್ರನ್ನಿನ ಅಂಚಿನಿಂದ ಒರೆಸಿದರು.

"ಸಾರು ಕುದೀತಿತ್ತು ಕಣಮ್ಮ, ಅದಕ್ಕೆ," ಅಂದರು ಮೆಲ್ಲಗೆ. "ಮುಚ್ಚಳ ಒಣಗಿತ್ತಲ್ಲ, ಆವತ್ತಿಂದ ದಿನಾ ಕುದೀತಿತ್ತು. ನನಗೆ ಗೊತ್ತಾಗ್ತಿರಲಿಲ್ವಾ?"

ಅವರು ಹೇಳುವುದೂ ಸರಿಯೇ. ನಾಳೆ ಸಾರನ್ನು ಸ್ವಲ್ಪ ಆರಿಸಿ ಬಡಿಸಿ, ಆಗಲೂ ಹನಿ ಕೂರುತ್ತದಾ ನೋಡುತ್ತೇನೆ.